ಉರಿಯದ ಸುಟ್ಟಗಾಯ

ನಮ್ಮ ಸೋದರತ್ತೆಗೆ ನೋವು ಎಂದರೇನೆಂದೇ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಹೆರಿಗೆಯಲ್ಲೂ ಚೀರದ ಈಕೆ, ಸೂಲಗಿತ್ತಿ ಗದ್ದಲ ಮಾಡುತ್ತಾಳೆಂದು ಬೈದಿದ್ದಳಂತೆ. ಮಾವನೋ, ಮುಳ್ಳು ಚುಚ್ಚಿದರೆ ನಮ್ಮೂರು ಖಟಕ ಚಿಂಚೋಳಿಗೆಲ್ಲ ಕೇಳಿಸುವಂತೆ ಕೂಗುವ ಪ್ರಾಣಿ.

ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲದಲ್ಲಿ, ವಡೆ ಕರಿಯುವಾಗ ಬಾಣಲೆ ಉರುಳಿತು. ಕಾದ ಎಣ್ಣೆ ಅತ್ತೆಯ ಬಲಗೈ ಮೇಲೆ ಸುರಿಯಿತು. ನಾಲ್ಕು ಹನಿ ಮಾವನ ಪಾದಕ್ಕೆ ಸಿಡಿದವು. ಪಾದದ ಮೇಲೆ ಬೊಬ್ಬೆ ಎದ್ದಿತು, ಮಾವನೂ ಬೊಬ್ಬೆ ಹಾಕಿದ. ಅತ್ತೆಯ ಕೈ ಮಾತ್ರ ಬೆಳ್ಳಗೆ, ಒಣಗಿದ ತೊಗಲಿನಂತಾಗಿತ್ತು. ಆಕೆ ಸುಮ್ಮನಿದ್ದಳು. ಊರವರು ಬಂಡಿಯಲ್ಲಿ ಯಾರನ್ನು ಮಲಗಿಸಿರಬೇಕು ಹೇಳಿ? ಮಾವನನ್ನೇ! ಭಾಲ್ಕಿ ದಾಟಿ ಬೀದರ ಮುಟ್ಟುವವರೆಗೂ ಅತ್ತೆ ಎಡಗೈಯಿಂದ ಅವನಿಗೆ ಗಾಳಿ ಬೀಸಿದಳು. ಅಡುಗೆಗೆಂದು ನಾನೂ ಜೊತೆಗೆ ಹೊರಟಿದ್ದೆ.

ಬೀದರಿನ ಮುಸ್ಲಿಂ ಡಾಕ್ಟರು ಮಾವನ ಪಾದಕ್ಕೊಂದು ಪಟ್ಟಿ ಸುತ್ತಿ ಪಕ್ಕಕ್ಕೆ ಕೂರಿಸಿದರು. ಅತ್ತೆಯ ಕೈಗೆ ಮೆಲ್ಲಗೆ ಸೂಜಿ ತಾಗಿಸಿದರು.

"ನೋವಾಗ್ತದೇನ್ರಿ?"

"ಏನೂ ಇಲ್ರಿ," ಎಂದಳು ಅತ್ತೆ, ಬಹುಮಾನ ಗೆದ್ದವಳಂತೆ.

ಡಾಕ್ಟರ ಮುಖ ಇಳಿಯಿತು. "ಅದೇ ಕೆಟ್ಟದ್ದವ್ವಾ. ಅವರದು ಮ್ಯಾಲಿನ ತೊಗಲಷ್ಟೇ ಸುಟ್ಟದ, ಅದಕ್ಕ ಉರೀತದ. ನಿಮ್ಮದು ಒಳಗಿನ ತನಕ ಸುಟ್ಟದ. ನೋವು ಹೇಳೋ ನರಾನೇ ಸತ್ತಾವ."

"ಹಂಗಂತ ನಾ ಅಳಂಗಿಲ್ರಿ."

ಅಳಲೂ ಇಲ್ಲ. ಕೈ ತೆಗೆಯಬೇಕಾದೀತು ಎಂದಾಗ, ಕೈ ತನ್ನದು, ಕೊಡುವುದಿಲ್ಲ ಎಂದು ಜಗಳಕ್ಕೇ ನಿಂತಳು. ಡಾಕ್ಟರೂ ಹಟ ಹಿಡಿದು ದಿನಾ ಪಟ್ಟಿ ಬದಲಿಸಿ ಆ ಕೈ ಉಳಿಸಿದರು. ಅದಕ್ಕಾಗಿ ನಾವು ಬೀದರಿನ ಅಂಚಿನ ನೌಬಾದದಲ್ಲೇ ಕೋಣೆ ಹಿಡಿದು ಉಳಿದೆವು.

ಅಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ನಿಜಾಮರ ಪರ ದಾಳಿ ಮಾಡುತ್ತಿದ್ದ ರಜಾಕಾರರಿಗೆ ಹೆದರಿ ಊರು ಬಿಟ್ಟವರು ಮರಳಿ ಬಂದರು. ಈಗ ಏನೂ ತಪ್ಪು ಮಾಡದ ಮುಸ್ಲಿಮರೂ ಸೇಡಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂತರು. ದವಾಖಾನೆ ಮುಚ್ಚಿತು. ಅತ್ತೆ ನನ್ನನ್ನು ಕರೆದುಕೊಂಡು ನೇರ ಡಾಕ್ಟರ ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ಸಂಜೆಗೆ ಬಡಿಗೆ ಹಿಡಿದ ಗುಂಪು ಬಂತು. ದಾರಿ ಬಿಡು ಎಂದರು. ಅತ್ತೆ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು.

"ಇದು ಅರ್ಧಾ ವಾಸಿ ಆಗ್ಯದ. ಉಳಿದರ್ಧ ನೀವು ಮಾಡ್ತೀರೇನು? ಮಾಡೋರಿದ್ರ ಒಳಗ ಬರ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿದರು, ಗೊಣಗಿದರು, ಕೊನೆಗೆ ಹೊರಟುಹೋದರು. ಅತ್ತೆ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಬೆನ್ನ ಹಿಂದಿನ ಬಾಗಿಲು ತುಸು ತೆರೆಯಿತು. ಎಂದೂ ಪರದೆ ದಾಟದ ಡಾಕ್ಟರ ಹೆಂಡತಿ ರೊಟ್ಟಿಯ ತಟ್ಟೆ ಹಿಡಿದು ಬಂದು, ಬೀದಿಗೆ ಕಾಣುವಂತೆ ಅತ್ತೆಯ ಪಕ್ಕ ಕೂತರು. ಊಟದ ಕೈಗೆ ಪಟ್ಟಿ ಇತ್ತಲ್ಲ; ತಾವೇ ತುತ್ತು ಮುರಿದು ಅತ್ತೆಯ ಬಾಯಿಯ ಹತ್ತಿರ ಹಿಡಿದರು. ಪರಜಾತಿಯವರ ಮನೆಯ ನೀರನ್ನೂ ಮುಟ್ಟದ ನಮ್ಮ ಅತ್ತೆ ಬಾಯಿ ತೆರೆದಳು.