ಒಂದು-ಒಂದು ಆದ ಪಂದ್ಯದ ಹರಕೆ ಯಾರು ತೀರಿಸಬೇಕು

ಇಂದ,
ಅನ್ಸೆಲ್ಮೊ ಕಿಲೊದ್ರಾನ್,
ಟೋಪಿ ಹೊಲಿಯುವವನು (ಹಾಕುವವನಲ್ಲ),
ಕಸಾಯಿಖಾನೆ ಬೀದಿ, ಸಾಂತಿಯಾಗೊ.

ಗೆ,
ಪುಣ್ಯಾತ್ಮರಾದ ದೊಮಿತಿಲಾ ಅಮ್ಮನವರು,
ಮಾಜಿ ಪಾನಕದ ವ್ಯಾಪಾರಿ, ಟ್ರಾಮಿಗೆ ಸಿಕ್ಕಿ ದಿವಂಗತರು, ಹಾಲಿ ಹರಕೆಗಳ ವಿಲೇವಾರಿ ಅಧಿಕಾರಿ,
ತಾವು ಸತ್ತ ಜಾಗದಲ್ಲೇ ಬೀದಿಯವರು ಕಟ್ಟಿದ ತಗಡಿನ ಪುಟ್ಟ ಗುಡಿ, ಟ್ರಾಮ್ ತಿರುವು.

ವಿಷಯ: ಡ್ರಾ ಆದ ಪಂದ್ಯವನ್ನು ಗೆಲುವೆಂದೋ ಸೋಲೆಂದೋ ಘೋಷಿಸಿ, ನನ್ನ ಮಗಳ ಮದುವೆ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: ೧. ಪಂದ್ಯದ ಮುನ್ನಾದಿನ ತಮ್ಮ ಸನ್ನಿಧಿಯಲ್ಲಿ ನಾನು ಹೊತ್ತ ಹರಕೆ.
೨. ಅದೇ ಸನ್ನಿಧಿಯಲ್ಲಿ ಹೆರ್ವಾಸಿಯೊ ಉರ್ರುತಿಯ ಎಂಬುವರು ಹೊತ್ತ ತದ್ವಿರುದ್ಧ ಹರಕೆ.

ಮಾನ್ಯರೇ,

೧. ಏಳು ದೇಶಗಳ ಫುಟ್‌ಬಾಲ್ ಲೀಗ್ ಗೆದ್ದ ಏಳು ಕ್ಲಬ್ಬುಗಳು, ಚಾಂಪಿಯನ್ನರಿಗೇ ಚಾಂಪಿಯನ್ ಯಾರೆಂದು ತೀರ್ಮಾನಿಸಲು ಈ ಬೇಸಿಗೆಯಲ್ಲಿ ನಮ್ಮೂರಿಗೇ ಬಂದಿಳಿದಿರುವುದು ತಮ್ಮ ಗಮನಕ್ಕೆ ಬಂದಿರಬಹುದು. ತಮ್ಮ ಮುಂದೆ ಹೋಗುವ ಟ್ರಾಮುಗಳಲ್ಲಿ ಜನ ಬಾವಲಿಗಳ ಹಾಗೆ ನೇತಾಡುತ್ತಿರುವುದು ಇದೇ ಕಾರಣಕ್ಕೆ.

೨. ಸದರಿ ಹೆರ್ವಾಸಿಯೊ ನನ್ನ ಮಗಳು ಎರ್ಸಿಲಿಯಾಳ ಧರ್ಮತಂದೆ. ಆದಕಾರಣ ನನಗೆ ಕೊಂಪಾದ್ರೆ, ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಆದರೆ ನನ್ನದು ಬಿಳಿ ಅಂಗಿಯ ಕ್ಲಬ್ಬು, ಅವರದು ಹಸಿರು. ದೀಕ್ಷಾಸ್ನಾನದ ಅಂಗಿ ತರುವುದು ಧರ್ಮತಂದೆಯ ಹಕ್ಕಾದ್ದರಿಂದ, ಅವರು ಆ ಬಿಳಿ ಅಂಗಿಯ ಒಳಗೆ ಗುಟ್ಟಾಗಿ ತಮ್ಮ ಕ್ಲಬ್ಬಿನ ಹಸಿರು ಪಟ್ಟಿ ಹೊಲಿಸಿ ತಂದರು. ಪಾದ್ರಿಗಳು ನೀರು ಹೊಯ್ದರು. ಪಟ್ಟಿ ಬಣ್ಣ ಬಿಟ್ಟಿತು. ಪೂಜಾಪೀಠದ ಎದುರಿಗೇ ನನ್ನ ಕೂಸು ಹಸಿರಾಯಿತು. ಅಂದಿನಿಂದ ನಮಗೆ ಮಾತಿಲ್ಲ. ಕೂಸಿಗೆ ಈಗ ಹತ್ತೊಂಬತ್ತು, ಬರುವ ಭಾನುವಾರ ಮದುವೆ.

೩. ಧರ್ಮತಂದೆ ಬಾರದೆ ತಾನು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲವೆಂದು ವಧು ಪಟ್ಟು ಹಿಡಿದಿದ್ದಾಳೆ. ಆದ್ದರಿಂದ ನಾನು ತಮ್ಮಲ್ಲಿಗೆ ಬಂದು, ನಮ್ಮ ಕ್ಲಬ್ಬು ರಿಯೋದ ಚಾಂಪಿಯನ್ನರನ್ನು ಸೋಲಿಸಿದರೆ ನಾನೇ ಹೋಗಿ ಅವರನ್ನು ಕರೆಯುವುದಾಗಿ ಹರಕೆ ಹೊತ್ತೆ. ಪಂದ್ಯ ಒಂದು-ಒಂದು ಆಯಿತು. "ಹಂಗಾದ್ರೆ ನನ್ ಧರ್ಮತಂದೆ ಮದ್ವೆಗೆ ಅರ್ಧ ಬರ್ತಾರೇನಪ್ಪ?" ಎಂದು ವಧು ಕೇಳಿರುತ್ತಾಳೆ.

೪. ಮರುದಿನ ವಿವರಣೆ ಕೇಳಲು ಬಂದರೆ, ಪ್ರತಿವಾದಿಯೂ ಅದೇ ಕೆಲಸಕ್ಕೆ ಇಲ್ಲಿ ನಿಂತಿದ್ದರು. ನಮಗೆ ಮಾತಿಲ್ಲದ ಕಾರಣ ತಮ್ಮ ಮುಖಾಂತರವೇ ವ್ಯವಹರಿಸಬೇಕಾಯಿತು.

"ದೊಮಿತಿಲಮ್ಮಾ, ಆ ಮನುಷ್ಯನ್ನ ಕೇಳು," ಎಂದೆ. "ದೇಶವೇ ನಮ್ಮೋರು ಗೆಲ್ಲಲಿ ಅಂತಿದ್ರೆ, ಇವ್ನು ರಿಯೋದವ್ರಿಗೆ ಮೇಣದಬತ್ತಿ ಹಚ್ಚಿದ್ನಂತೆ. ನಾಚ್ಕೆ ಆಗಲ್ವಾ?"

"ಅವ್ನ ಕ್ಲಬ್ಬು ಕಪ್ ಎತ್ತೋದು ನೋಡೋ ಬದ್ಲು ನಾನು ಪೋರ್ಚುಗೀಸ್ ಕಲೀತೀನಿ ಅಂತ ಹೇಳಮ್ಮ."

"ಏನಂತ ಹರಕೆ ಹೊತ್ಕೊಂಡಿದ್ದ, ಅದನ್ನ ಕೇಳು."

ಪ್ರತಿವಾದಿ ಟ್ರಾಮಿನ ಕಂಬಿ ನೋಡುತ್ತಲೇ ಹೇಳಿದರು. "ಅವ್ನ ಕ್ಲಬ್ಬು ಸೋತ್ರೆ ನಾನೇ ಅವ್ನ ಮನೆ ಬಾಗ್ಲಿಗೆ ಹೋಗ್ತೀನಿ ಅಂತ. ಕೂಸಿನ ಮದ್ವೆ ಅಲ್ವೇನಮ್ಮ. ನನ್ನ ಈ ಕೈಯಾಗೆ ಹಿಡ್ಕೊಂಡಿದ್ದ ಕೂಸು."

ಮಾತಿಲ್ಲವೆಂಬುದನ್ನು ಮರೆತು ನಾನು ಅವರ ಕರವಸ್ತ್ರವನ್ನೇ ಕೇಳುವುದರಲ್ಲಿದ್ದೆ. ಇದನ್ನು ಕಡತಕ್ಕೆ ಸೇರಿಸಬಾರದೆಂದು ಕೋರಿಕೆ.

೫. ಹಾಗಿದ್ದರೆ ಸುಮ್ಮನೆ ಒಬ್ಬರ ಮನೆಗೊಬ್ಬರು ಹೋಗಬಾರದೇ ಎಂದು ತಾವು ಕೇಳಬಹುದು. ಹಾಗೆ ಮಾಡಲು ಬರುವುದಿಲ್ಲ. ತಾವು ನಡೆಸಿಕೊಡದ ಕೆಲಸಕ್ಕೆ ಹರಕೆ ತೀರಿಸಿದರೆ, ನಾಳೆಯಿಂದ ಬೀದಿಯಲ್ಲಿ ಸತ್ತು ಗುಡಿ ಕಟ್ಟಿಸಿಕೊಂಡವರೆಲ್ಲ ಕೂತಲ್ಲೇ ಮೇಣದಬತ್ತಿ ಕೇಳುತ್ತಾರೆ. ಹರಕೆಯ ನೆಪವೂ ಇಲ್ಲದೆ ಹೋದರೋ, ಹತ್ತೊಂಬತ್ತು ವರ್ಷ ಮುದ್ದಿನಿಂದ ಸಾಕಿದ ಜಂಬ ಬೀದಿಪಾಲಾಗುತ್ತದೆ. ಅಲ್ಲದೆ ಎರಡು ಅರ್ಜಿಗಳನ್ನೂ ಅರ್ಧರ್ಧ ಮಂಜೂರು ಮಾಡಿ ಕೈತೊಳೆದುಕೊಂಡ ತಮ್ಮ ಕ್ರಮ, ತಾವು ಸತ್ತ ಮೇಲೆ ಸರ್ಕಾರಿ ನೌಕರಿಗೆ ಸೇರಿದಿರೇನೋ ಎಂಬ ಅನುಮಾನ ಹುಟ್ಟಿಸಿದೆ.

೬. ಆದಕಾರಣ ಉಭಯರೂ ತಮ್ಮ ಮುಖಾಂತರ ಒಪ್ಪಿಕೊಂಡಂತೆ, ಈ ಸಂಜೆ ಎರಡು ಬತ್ತಿ ಹಚ್ಚಲಾಗಿದೆ. ಎಡಗಡೆಯದು ನನ್ನದು, ಬಲಗಡೆಯದು ಅವರದು. ಯಾರ ಬತ್ತಿ ಮೊದಲು ಆರುವುದೋ ಅವನು ಸೋತಂತೆ, ಸೋತವನು ಇನ್ನೊಬ್ಬನ ಮನೆಗೆ ಹೋಗತಕ್ಕದ್ದು. ತಾವು ದಯಮಾಡಿ ಒಂದನ್ನು ಆರಿಸಿ ಇತ್ಯರ್ಥಪಡಿಸಬೇಕು.

ಇಂತಿ, ಟ್ರಾಮ್ ತಿರುವಿನಲ್ಲಿ ಈಗಲೂ ತಮ್ಮನ್ನು ನೆನೆದು ಟೋಪಿ ತೆಗೆಯುವ,
ತಮ್ಮ ವಿಶ್ವಾಸಿ,
ಅನ್ಸೆಲ್ಮೊ ಕಿಲೊದ್ರಾನ್

ಲಗತ್ತು:
೧. ಮೇಣದಬತ್ತಿ ಎರಡು, ಉರಿಯುತ್ತಿರುವ ಸ್ಥಿತಿಯಲ್ಲಿ.
೨. ಬಣ್ಣ ಬಿಟ್ಟ ಹಸಿರು ಪಟ್ಟಿ, ಮೂಲ ಪ್ರತಿ. (ಇಷ್ಟು ವರ್ಷ ಯಾಕೆ ಎತ್ತಿಟ್ಟಿದ್ದೆ ಎಂದು ಕೇಳಬಾರದು.)
೩. "ಉಪಕಾರ ಮರೆಯೆವು" ಎಂಬ ತಗಡಿನ ಫಲಕ, ಇಬ್ಬರ ಹೆಸರಿಗೆ ಜಾಗ ಬಿಟ್ಟದ್ದು.

ವಿ.ಸೂ.: ಅಕ್ಷರ ಸೊಟ್ಟಗಿರುವುದಕ್ಕೆ ಕ್ಷಮೆಯಿರಲಿ. ಎಡಗೈಯಲ್ಲಿ ನಾನು ಅವರ ಬತ್ತಿಗೆ ಗಾಳಿ ತಾಗದಂತೆ ಟೋಪಿ ಅಡ್ಡ ಹಿಡಿದಿದ್ದೇನೆ. ಅವರು ನನ್ನ ಬತ್ತಿಗೆ ಅವರ ಟೋಪಿ ಹಿಡಿದಿದ್ದಾರೆ. ಆ ಟೋಪಿಯ ಹೊಲಿಗೆ ನನ್ನ ಕೈಯದೇ. ನನ್ನ ಅಂಗಡಿಯಿಂದ ಯಾರ ಕೈಲಿ ತರಿಸಿಕೊಂಡರೋ ತಿಳಿಯದು. ಈ ಪ್ರಕಾರ ಮುಂದುವರಿದಲ್ಲಿ ಇದೂ ಡ್ರಾ ಆಗುವ ಸಂಭವವಿದೆ. ಆದ್ದರಿಂದ ಎಡಗಡೆಗೆ, ಅಂದರೆ ನನ್ನ ಬತ್ತಿಗೇ, ಸ್ವಲ್ಪ ಜೋರು ಗಾಳಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.