ರಾಡ್ ಮಷಿನ್ನೂ ಮಾವನವರ ಕಾರೂ

ಒಂದು ವಸ್ತುವನ್ನು ಕೊಳ್ಳುವುದಕ್ಕಿಂತ, ಯಾವುದನ್ನು ಕೊಳ್ಳಬೇಕೆಂದು ಯೋಚಿಸುವುದರಲ್ಲೇ ಹೆಚ್ಚು ಸುಖ ಕಾಣುವ ಜನ ಕೆಲವರಿದ್ದಾರೆ. ನಾನು ಅವರಲ್ಲೊಬ್ಬ. ನಮ್ಮ ಮನೆಗೆ ಮಿಕ್ಸಿ ಬರಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು. ನಾನು ಮೋಟರಿನ ಶಕ್ತಿ, ಜಾರಿನ ದಪ್ಪ, ಬ್ಲೇಡಿನ ಆಕಾರಗಳನ್ನು ಹೋಲಿಸಿ ಹೋಲಿಸಿ ನೋಡುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಒರಳಿನಲ್ಲಿ ಚಟ್ನಿ ರುಬ್ಬುತ್ತಿದ್ದಳು. ಕೊನೆಗೆ ಒಂದು ಭಾನುವಾರ ಅವಳೇ ಅಂಗಡಿಗೆ ಹೋಗಿ ಐದು ನಿಮಿಷದಲ್ಲಿ ಒಂದನ್ನು ಎತ್ತಿಕೊಂಡು ಬಂದಳು. ಅದು ಇವತ್ತಿಗೂ ಓಡುತ್ತಿದೆ. ವೆಲ್ಡಿಂಗ್ ಮಷಿನ್ನನ್ನೂ ಅವಳ ಕೈಗೇ ಬಿಟ್ಟಿದ್ದರೆ ನಾನು ಇದನ್ನೆಲ್ಲ ಬರೆಯುತ್ತಾ ಕೂರಬೇಕಾಗಿರಲಿಲ್ಲ.

ನಾನು ಮಧುಗಿರಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಮನೆಯಲ್ಲಿದ್ದ ಸಣ್ಣ ಕಾರು ನಿಜವಾಗಿ ನನ್ನ ಮಾವ ರುದ್ರಪ್ಪನವರದು. ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಲ್ಲಿ ಅವರ ಹೊಲ. ಅದನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಅವರಿಗೆ ಬೆಳಗಾದರೆ ಏನು ಮಾಡಬೇಕೆಂದೇ ತಿಳಿಯದಾಯಿತು. ಯಾರೋ ಓಡಿಸಿ ಬಿಟ್ಟ ಆ ಕಾರನ್ನು ಕೊಂಡು, ಎಡಗಡೆಯ ಸೀಟಿನಲ್ಲಿ ನಮ್ಮ ಅತ್ತೆಯನ್ನು ಕೂರಿಸಿಕೊಂಡು, ಕೆಲಸವಿದ್ದರೂ ಇಲ್ಲದಿದ್ದರೂ ಊರೂರು ತಿರುಗಿದರು. ಅತ್ತೆ ತೀರಿಕೊಂಡರು. ಮಾವನವರ ಕಣ್ಣೂ ಮಂಜಾಯಿತು. ಆಗ ಕಾರನ್ನು ಮಗಳಿಗೆ ಕೊಟ್ಟರು. ಮಾರಬೇಡಿ, ಓಡಿಸುತ್ತಾ ಇರಿ ಎಂದಷ್ಟೇ ಕೇಳಿಕೊಂಡರು.

ಅತ್ತೆ ಕಾಲಿಡುತ್ತಿದ್ದ ಜಾಗದಲ್ಲೇ ತಗಡಿಗೆ ತುಕ್ಕು ಹಿಡಿಯಿತು. ಮೊದಲು ನಾಣ್ಯದಷ್ಟು ತೂತು, ಆಮೇಲೆ ಅಂಗೈಯಗಲ. ದೊಡ್ಡೇರಿ ಕಡೆ ಹೋಗುವಾಗ ಗಿರಿಜಾ ಕಾಲ ಸಂದಿಯಲ್ಲೇ ರಸ್ತೆ ನೋಡಿಕೊಂಡು, ಡಾಂಬರು ಎಲ್ಲಿ ಮುಗಿಯಿತೆಂದು ನನಗೆ ಹೇಳುತ್ತಿದ್ದಳು. ಶಿರಾದಲ್ಲಿ ಟಿಂಕರಿಂಗ್ ಮಾಡುವ ಬಾಷಾ ಭಾಯ್ ಕಾರನ್ನು ನಾಲ್ಕು ದಿನ ಬಿಟ್ಟು ಹೋಗಲು ಹೇಳಿದ್ದರು. ಬಿಟ್ಟು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ತನ್ನ ಮನೆಯಂಗಳದಲ್ಲೇ ಕಾರಿಗೆ ವೆಲ್ಡಿಂಗ್ ಮಾಡಿಕೊಳ್ಳುವುದನ್ನು ನಾನು ನೋಡಿಬಿಟ್ಟೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವ ನನಗೆ ಇದು ಆಗದೇ ಎನ್ನಿಸಿತು.

ಎರಡು ತಿಂಗಳು ಅಧ್ಯಯನ ನಡೆಯಿತು. ಕಡ್ಡಿ ಉರಿದು ಬೆಸೆಯುವ ರಾಡ್ ಮಷಿನ್ ಅಗ್ಗ. ತಂತಿ ತಾನಾಗಿಯೇ ಬರುವ, ಗ್ಯಾಸ್ ಸಿಲಿಂಡರ್ ಕಟ್ಟುವ ಮಷಿನ್ ದುಬಾರಿ. ಗ್ಯಾಸಿಲ್ಲದೆ ತಂತಿ ಮಾತ್ರ ಬರುವ ಮಷಿನ್ನೂ ಒಂದಿತ್ತು. ಅದು ಇವೆರಡರ ನಡುವೆ. ನೋಟ್ ಪುಸ್ತಕದಲ್ಲಿ ಗೆರೆ ಎಳೆದು, ಗುಣ ದೋಷ ಬರೆದು, ಕೆಂಪು ಶಾಯಿಯಲ್ಲಿ ಅಂಕವನ್ನೂ ಕೊಟ್ಟೆ. ಕೊನೆಗೆ ಬಾಷಾ ಭಾಯ್ ಅವರನ್ನೇ ಕೇಳಲು ಹೋದೆ. ಅವರ ಕೆಲಸವನ್ನು ಅವರಿಂದ ತಪ್ಪಿಸುವ ಮಷಿನ್ನಿಗೆ ಅವರದೇ ಸಲಹೆ ಕೇಳುವುದು ಹೇಗೆ? ನನ್ನ ಸ್ನೇಹಿತರೊಬ್ಬರು ವಿಚಾರಿಸುತ್ತಿದ್ದಾರೆ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಏನನ್ನೂ ಮುಚ್ಚಿಡದೆ ಹೇಳಿದರು.

"ರಾಡ್ ಮಷಿನ್ ಗೇಟು ಕಿಟಕಿಗೆ ಸಾರ್. ಕಾರಿನ ತಗಡು ತೆಳು, ಸುಟ್ಟೋಗ್ತದೆ. ನಿಮ್ ದೋಸ್ತ್‌ಗೆ ಗ್ಯಾಸ್‌ದೇ ತಗೊಳ್ಳೋಕ್ ಹೇಳಿ. ಮೊದ್ಲು ಇಲ್ಲಿಗೆ ಕರ್ಕೊಂಡ್ ಬನ್ನಿ, ಹಳೇ ತಗಡಲ್ಲಿ ಕೈ ಕೂರೋವರ್ಗೂ ನಾನೇ ಹೇಳ್ಕೊಡ್ತೀನಿ."

ಇಷ್ಟು ಕೇಳಿದ ಮೇಲೂ ನಾನು ತುಮಕೂರಿಗೆ ಹೋಗಿ ರಾಡ್ ಮಷಿನ್ನನ್ನೇ ಕೊಂಡೆ. ಯಾಕೆ ಎಂದರೆ ಅಗ್ಗ. ಅದೂ ಅಲ್ಲದೆ ಅಂಗಡಿಯವನು, ಕರೆಂಟನ್ನು ಸಣ್ಣಗೆ ಇಟ್ಟುಕೊಂಡರೆ ತಗಡಿಗೂ ಆಗುತ್ತದೆ ಎಂದ. ತಿಳಿದವರ ಮಾತನ್ನು ಕೇಳಲು ಅಷ್ಟು ದೂರ ಹೋದವನು, ಮಾರುವವನ ಮಾತನ್ನು ನಂಬಿ ಬಂದೆ.

ಮೊದಲ ಕಿಡಿ ಹಾರಿದಾಗ ಪಕ್ಕದ ಮನೆಯವರ ಟೀವಿ ಮಂಕಾಯಿತು. ಎರಡನೆಯದಕ್ಕೆ ಅಂಗೈಯಗಲದ ತೂತು ಮೊರದಗಲವಾಯಿತು. ಅದಕ್ಕೆ ಹೊಸ ತಗಡು ಇಟ್ಟು ಬೆಸೆಯಲು ಹೋದರೆ ಅದರ ಅಂಚೂ ಕರಗಿತು. ಗಿರಿಜಾ ಬ್ಲೌಸ್ ಹೊಲಿಯುವವಳು. ಸ್ವಲ್ಪ ಹೊತ್ತು ನಿಂತು ನೋಡಿ, "ಇಂಗೆ ಒಂದೇ ಸಮ ಎಳೀಬ್ಯಾಡ್ರೀ. ಕಚ್ಚಾ ಹೊಲಿಗೆ ಹಾಕ್ದಂಗೆ ಇಲ್ಲೊಂದು ಅಲ್ಲೊಂದು ಹಾಕಿ, ಆರೋಕ್ ಬುಡಿ," ಎಂದಳು. ಇದು ಬ್ಲೌಸಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ನಾಲ್ಕು ಭಾನುವಾರಗಳಾದ ಮೇಲೆ ಉಬ್ಬು ತಗ್ಗಿನ ಒಂದು ನೆಲ ತಯಾರಾಯಿತು. ಅದಕ್ಕೆ ಕಪ್ಪು ಬಣ್ಣ ಬಳಿದು ಮೇಲೆ ಮ್ಯಾಟ್ ಹಾಸಿದೆ. ಆ ಬದಿಯ ಬಾಗಿಲು ಮಾತ್ರ ಅವತ್ತಿನಿಂದ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ.

ಆಮೇಲೆ ಮಾವನವರು ಬಂದರು. ನಾನೇ ಕೈಯಾರೆ ವೆಲ್ಡಿಂಗ್ ಮಾಡಿದ್ದೆಂದು ಮ್ಯಾಟ್ ಎತ್ತಿ ತೋರಿಸಿದೆ. ಅವರು ಬಗ್ಗಿ, ಕಾಣದ ಕಣ್ಣಿಗೆ ಬದಲಾಗಿ ಬೆರಳಿನಿಂದ ಮುಟ್ಟಿ ನೋಡಿ, ತಮ್ಮ ಪಾವಗಡದ ತೆಲುಗಿನಲ್ಲಿ ಬಾಗುಂದಿ, ಚೆನ್ನಾಗಿದೆ ಎಂದರು. ಮದಲೂರು ಕೆರೆಗೆ ನೀರು ಬಂದಿದೆಯಂತೆ, ನೋಡಿಕೊಂಡು ಬರೋಣ ಎಂದು ಮೂವರೂ ಹೊರಟೆವು. ಗಿರಿಜಾ ಹಿಂದೆ ಕುಳಿತಳು. ಮಾವನವರು ಅತ್ತೆಯ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ನಾನು ಆಂಪಿಯರಿನ ಬಗ್ಗೆ ಮಾತಾಡಿದೆ. ಅವರು ಹೂಂಗುಟ್ಟುತ್ತಾ ಬಂದರು.

ಮದಲೂರಿನಲ್ಲಿ ಕಾರು ನಿಂತಾಗ ಅವರಿಗೆ ಇಳಿಯಲಾಗಲಿಲ್ಲ. ಮಂಡಿಗಳೆರಡೂ ಎದೆಯ ಹತ್ತಿರಕ್ಕೆ ಮಡಚಿ ಹಾಗೇ ಮರಗಟ್ಟಿದ್ದವು. ಗಿರಿಜಾ ಹಿಡಿದು ಇಳಿಸಿದಳು. ನಾನು ಮ್ಯಾಟ್ ಎತ್ತಿ ನೋಡಿದೆ. ದಾರಿಯ ಯಾವುದೋ ರೋಡ್ ಹಂಪಿನಲ್ಲಿ ನನ್ನ ಬೆಸುಗೆ ಬಿಟ್ಟು ತಗಡು ನೇತಾಡುತ್ತಿತ್ತು. ಇನ್ನೊಂದು ಸಲ ಕಾಲೂರಿದ್ದರೆ ಕಾಲು ರಸ್ತೆಯಲ್ಲಿ. ಶಿರಾ ಬರುವ ಮೊದಲೇ ಹಾಗಾಗಿತ್ತಂತೆ. ಅಲ್ಲಿಂದ ಇಲ್ಲಿಯವರೆಗೂ ಅವರು ಎರಡೂ ಕಾಲುಗಳನ್ನು ಎತ್ತಿಕೊಂಡೇ ಕುಳಿತಿದ್ದರು. ಯಾಕೆ ಹೇಳಲಿಲ್ಲ ಎಂದು ಮಗಳು ಜೋರು ಮಾಡಿದಳು.

"ಮೇಷ್ಟ್ರು ಅಷ್ಟು ಖುಷಿಯಾಗಿ ಹೇಳ್ತಾ ಇದ್ರು ಕಣಮ್ಮ," ಎಂದರು. ನನ್ನ ಕಡೆ ತಿರುಗಿ, "ಪರ್ವಾಲೇದು ಅಳಿಯಂದ್ರೇ," ಎಂದರು.

ತುಂಬಿದ ಕೆರೆಯನ್ನು ನಾನು ಕಣ್ಣೆತ್ತಿ ನೋಡಲಿಲ್ಲ. ಮಾವನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಾರನ್ನು ಮೆಲ್ಲಗೆ ಶಿರಾಕ್ಕೆ ತಂದೆ. ಬಾಷಾ ಭಾಯ್ ಕಾರಿನ ಅಡಿಗೆ ಹೋಗಿ ಬಹಳ ಹೊತ್ತು ಮಲಗಿದ್ದರು. ಎದ್ದು ಬಂದವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ತುಕ್ಕು ಹಿಡಿದಿದ್ದು ಸ್ವಲ್ಪ, ಸುತ್ತ ಗಟ್ಟಿಯಾಗಿದ್ದ ತಗಡೆಲ್ಲ ಈಗ ಸುಟ್ಟಿದೆ, ಬಾಗಿಲ ಕೆಳಗಿನ ಆಧಾರವೂ ಹೋಗಿದೆ, ಬೆಸೆಯಲು ಏನೂ ಉಳಿದಿಲ್ಲ ಎಂದರು. ಕಾರು ಅಲ್ಲೇ ಉಳಿಯಿತು, ಆಮೇಲೆ ಗುಜರಿಗೆ ಹೋಯಿತು. ಅವತ್ತು ಬಿಟ್ಟು ಹೊರಡುವಾಗ ಮಾವನವರು ಎಡಗಡೆಯ ಸೀಟಿನ ಮೇಲೆ ಒಂದು ಸಲ ಕೈಯಾಡಿಸಿದರು. ಮೂವರೂ ಬಸ್ಸು ಹತ್ತಿ ಮಧುಗಿರಿಗೆ ಬಂದೆವು.

ಮಷಿನ್ನನ್ನು ಮಾರಿಬಿಡೋಣವೆಂದು ಮೊಬೈಲಿನಲ್ಲಿ ಹಾಕಿದ್ದೇನೆ. ಫೋನುಗಳು ಬರುತ್ತವೆ. ಕಾರಿನ ತಗಡಿಗೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನನಗೆ ಸುಮ್ಮನಿರಲು ಆಗುವುದಿಲ್ಲ. ಯಾವುದು ಸುಡುತ್ತದೆ, ಯಾವುದು ಹಿಡಿಯುತ್ತದೆ, ಎಷ್ಟು ಆರಬೇಕು, ಎಲ್ಲವನ್ನೂ ಅರ್ಧ ಗಂಟೆ ವಿವರಿಸಿ ಅವರು ಕೊಳ್ಳದಂತೆ ನೋಡಿಕೊಳ್ಳುತ್ತೇನೆ. ಮೊನ್ನೆ ಕೊರಟಗೆರೆಯಿಂದ ಒಬ್ಬರು ಎಲ್ಲವನ್ನೂ ಬಹಳ ಗೌರವದಿಂದ ಕೇಳಿಸಿಕೊಂಡರು. ಕೊನೆಗೆ, "ಇಷ್ಟೆಲ್ಲ ಗೊತ್ತಿದ್ದೂ ನೀವ್ಯಾಕೆ ಸಾರ್ ಇದನ್ನ ತಗೊಂಡ್ರಿ?" ಎಂದರು. ಸ್ನೇಹಿತರೊಬ್ಬರದು, ಅವರ ಪರವಾಗಿ ಮಾರುತ್ತಿದ್ದೇನೆ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು, ಸಿಗ್ನಲ್ ಸರಿಯಿಲ್ಲವೆಂದು ಫೋನ್ ಇಟ್ಟೆ. ಆಗ ನಾನು ಕುಳಿತಿದ್ದದ್ದು ಮಧುಗಿರಿಯ ನಡುಮಧ್ಯದಲ್ಲಿ, ಮೊಬೈಲ್ ಟವರಿನ ಕೆಳಗೆ.