ನೀವು ಎಲ್ಲಿ ಇಳೀತೀರಿ?

ಸೀಟು ಹಿಡಿಯೋ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಲುಂಡಿನಿಂದ ಮಾಟುಂಗಾಕ್ಕೆ ಅಡುಗೆ ಕೆಲಸಕ್ಕೆಂದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅರ್ಧ ಸೊಂಟ ಊರಿ ದಿನಾ ಘಾಟ್‌ಕೋಪರ್ ದಾಟಿದ್ದೇನೆ. (ಉಳಿದರ್ಧ ಗಾಳಿಯಲ್ಲಿ.) ಹಾಗಿರುವಾಗ ನನ್ನ ಸೊಸೆ ಶುಭಾ ಬೆಂಗಳೂರಿಗೆ ವಿಮಾನದ ಟಿಕೇಟು ತೆಗೆದು, "ಅತ್ತೆ, ಐದು ಜನಕ್ಕೂ ಒಟ್ಟಿಗೆ ಸೀಟು ಬೇಕಂದ್ರೆ ಬೇರೆ ದುಡ್ಡು ಕೇಳ್ತಿದಾರೆ" ಅಂದಾಗ ಮೈ ಉರಿಯಿತು.

"ಕೂತ್ಕೊಳ್ಳೋಕೆ ಬೇರೆ ದುಡ್ಡೇ? ಹಾಗಾದ್ರೆ ಟಿಕೇಟು ಇರೋದು ನಿಂತ್ಕೊಳ್ಳೋಕಾ?"

"ಕೂತ್ಕೊಳ್ಳೋಕಲ್ಲ ಅತ್ತೆ, ಒಟ್ಟಿಗೆ ಕೂತ್ಕೊಳ್ಳೋಕೆ."

"ಕೊಡಬೇಡ. ಸೀಟಿನ ಜವಾಬ್ದಾರಿ ನಂದು."

ಮಗ ಜಯಸಿಂಹ ಫೋನಿನಿಂದ ತಲೆ ಎತ್ತಿದ. "ಅಮ್ಮ, ಅದು ವಿಮಾನ. ಅಂಬರನಾಥ್ ಸ್ಲೋ ಲೋಕಲ್ ಅಲ್ಲ."

"ಬಾಗಿಲಿದೆ ತಾನೆ? ಚಕ್ರ ಇದೆ ತಾನೆ? ಕೂತಿರೋರು ಮನುಷ್ಯರೇ ತಾನೆ?" ಎಂದೆ.

(ಈ ಕೊನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.)

ವಿಷಯ ಸಣ್ಣದಲ್ಲ. ಚಿಕ್ಕ ಮೊಮ್ಮಗ ಅಭಿರಾಮ್‌ಗೆ ಮೂರು ವರ್ಷ. ಅವನಿಗೆ ನಿದ್ದೆ ಬರಬೇಕೆಂದರೆ ಒಂದು ಕೈಯಲ್ಲಿ ಅವರಮ್ಮನ ಬಳೆ, ಇನ್ನೊಂದು ಕೈಯಲ್ಲಿ ನನ್ನ ಸೆರಗಿನ ತುದಿ ಇರಲೇಬೇಕು. ಎರಡರಲ್ಲಿ ಒಂದು ತಪ್ಪಿದರೂ ಅವನು ತೆಗೆಯುವ ರಾಗ ಮುಲುಂಡಿನಲ್ಲಿ ಶುರುವಾದರೆ ಠಾಣೆ ಊರಿನವರು ಕಿಟಕಿ ಮುಚ್ಚಬೇಕು. ಅಂದರೆ ಅವನ ಆ ಪಕ್ಕ ಅಮ್ಮ, ಈ ಪಕ್ಕ ನಾನು. ಇಷ್ಟೇ ಆಗಬೇಕಾಗಿದ್ದದ್ದು.

ಕಂಪ್ಯೂಟರ್ ಮಹಾಶಯ ಕೊಟ್ಟದ್ದು ಬೇರೆ. ಜಯಸಿಂಹ ಮತ್ತು ದೊಡ್ಡ ಮೊಮ್ಮಗ ಆರ್ಯ ವಿಮಾನದ ಮೂಗಿನ ಹತ್ತಿರ. ಶುಭಾ ಮತ್ತು ಅಭಿ ಬಾಲದಲ್ಲಿ. ನಾನೊಬ್ಬಳು ಹೊಟ್ಟೆಯಲ್ಲಿ.

"ನೋಡಿದ್ರಾ ಅತ್ತೆ?"

"ಹತ್ತಿದ ಮೇಲೆ ನೀನು ನೋಡು."

ಏರ್‌ಪೋರ್ಟಿನಲ್ಲಿ ತಪಾಸಣೆಯ ಹುಡುಗಿಯ ಯಂತ್ರ ನನ್ನ ತುರುಬಿನ ಹತ್ತಿರ ಬಂದು ಕುಂಯ್ ಎಂದಿತು. ಪಿನ್ನುಗಳನ್ನೆಲ್ಲ ಕಿತ್ತು ತೋರಿಸಿದೆ. ಮತ್ತೆ ಸಿಕ್ಕಿಸಿಕೊಳ್ಳೋಣವೆಂದರೆ, "ಅಮ್ಮ, ಗೇಟು ಮುಚ್ತಾರೆ, ನಡಿ ನಡಿ" ಎಂದು ಮಗ ಓಡಿಸಿದ. ಪಿನ್ನು ಶುಭಾಳ ಚೀಲಕ್ಕೆ ಹೋಯಿತು. ಸೀರೆ ನನ್ನದು ಯಾವತ್ತಿನ ಹಾಲುಬಣ್ಣದ್ದು. ಎಸಿ ಚಳಿಗೆ ಯಜಮಾನರ ಹಳೇ ಬಿಳೀ ಶಾಲನ್ನು ಮೇಲೆ ಹೊದ್ದುಕೊಂಡೆ.

ಮಳೆಗಾಲದ ಮುಸ್ಸಂಜೆ. ವಿಮಾನ ಮೇಲೇರಿ ಮೋಡದೊಳಗೆ ನುಗ್ಗಿದ್ದೇ ತಡ, ಒಳಗಿನ ದೀಪಗಳನ್ನು ತಗ್ಗಿಸಿದರು. ಒಂದು ತರಹದ ನೀಲಿ ಬೆಳಕು, ಹೆಣದ ತುಟಿಯ ಬಣ್ಣದ್ದು. ಲೋಕಲ್ಲಿನಲ್ಲಿ ಎಂಥ ರಶ್ಶಿದ್ದರೂ ಜಗಳ, ನಗು, ಬಟಾಣಿ ಬಿಡಿಸುವ ಸದ್ದು ಇರುತ್ತದೆ. ಇಲ್ಲಿ ಅಷ್ಟು ಜನ ಕೂತಿದ್ದರೂ ಒಂದು ಮಾತಿಲ್ಲ. ಎಲ್ಲರ ಕಿವಿಗೂ ಬಿರಡೆ. ಫೋನಿನ ಬೆಳಕು ಗಲ್ಲದ ಕೆಳಗಿಂದ ಬಿದ್ದು ಕಣ್ಣಿನ ಜಾಗದಲ್ಲಿ ಗುಳಿ. ಹೊರಗೆ ಸ್ಟೇಷನ್ ಇಲ್ಲ, ಬೋರ್ಡಿಲ್ಲ, ಕತ್ತಲೆ ಕೂಡ ಪೂರಾ ಇಲ್ಲ, ಬರೀ ಬೂದಿ. ಆ ಬೂದಿಯೊಳಗಿಂದಲೇ ಎಂಬಂತೆ ಹಿಂದೆ ಎಲ್ಲೋ ಅಭಿ ಅಳುತ್ತಿದ್ದ.

ಬೆಲ್ಟಿನ ದೀಪ ಆರಿದ ಕೂಡಲೇ ಎದ್ದೆ.

ಲೇಡೀಸ್ ಡಬ್ಬಿಯ ಮರ್ಯಾದೆ ನಿಮಗೆ ಗೊತ್ತಿರಬೇಕು. ಯಾರನ್ನೂ "ಸೀಟು ಬಿಡಿ" ಅನ್ನುವ ಹಾಗಿಲ್ಲ. ಹತ್ತಿರ ಬಗ್ಗಿ, ಮೆಲ್ಲಗೆ, "ಕಹಾಂ ಉತರೋಗೀ?" ಅನ್ನಬೇಕು. ನೀವು ಎಲ್ಲಿ ಇಳೀತೀರಿ? ಅವರು ಕುರ್ಲಾ ಅಂದರೆ ಕುರ್ಲಾದ ನಂತರ ಆ ಸೀಟು ನಿಮ್ಮದು. ಆಮೇಲೆ ದೇವರು ಬಂದು ನಿಂತರೂ ಬಿಟ್ಟುಕೊಡಬೇಕಾಗಿಲ್ಲ. ವಿಮಾನ ನಡುವೆ ನಿಲ್ಲುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಸೀಟಿನ ಮುಂದೆ ನಿಂತರೆ ನನ್ನ ನಾಲಿಗೆಗೆ ಬೇರೆ ಮಾತೇ ಬರುವುದಿಲ್ಲ. ಮಾತು ಶುರುವಾಗಲಿ, ಆಮೇಲೆ ಮಗುವಿನ ಸಂಗತಿ ಹೇಳೋಣ ಅಂತಿದ್ದೆ.

ಒಬ್ಬೊಬ್ಬರ ಹತ್ತಿರವೂ ಬಗ್ಗಿದೆ. "ಕಹಾಂ ಉತರೋಗೇ?" ಒಬ್ಬ ಹುಡುಗ ಕಿವಿಯ ಬಿರಡೆ ಕಿತ್ತು ನನ್ನ ಮುಖ ನೋಡಿದ, ಆಮೇಲೆ ನನ್ನ ಕಾಲು ನೋಡಿದ, ಬಿರಡೆ ಮತ್ತೆ ತುರುಕಿಕೊಂಡು ಕಣ್ಣು ಮುಚ್ಚಿದ. ಪಕ್ಕದ ಸಾಲಿನ ದಪ್ಪ ಮನುಷ್ಯನೂ ಹಾಗೆಯೇ, ಮುಖ ನೋಡಿ ಕಾಲು ನೋಡಿದ; ಕೈ ಮುಗಿದೇಬಿಟ್ಟ. ಎಷ್ಟು ಸಂಸ್ಕಾರವಂತ ಜನ! ಕಾಲಿಗೆ ಬೀಳಬೇಕೆಂದರೆ ಬೆಲ್ಟು ಅಡ್ಡಿ, ಪಾಪ.

ಅಳು ಹುಡುಕಿಕೊಂಡು ಬಾಲದವರೆಗೆ ಬಂದೆ. ಈ ತುದಿಗೆ ಶುಭಾ, ನಡುವೆ ಅಭಿ. ಅವಳು ಅವನ ಮೇಲೆ ಬಗ್ಗಿ, ಬಳೆ ಕೊಟ್ಟು, ಬಿಸ್ಕತ್ತು ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಕಿಟಕಿಯ ಪಕ್ಕ ಯಾರೋ ತಲೆಯಿಂದ ಕಾಲಿನವರೆಗೆ ಕರೀ ದುಪಟ್ಟಾ ಮುಚ್ಚಿಕೊಂಡು ಅಲ್ಲಾಡದೆ ಕೂತಿದ್ದರು. ಅದೇ ನನಗೆ ಬೇಕಾದ ಸೀಟು. ಮುಂದಿನ ಸಾಲಿನ ಬೆನ್ನು ಹಿಡಿದುಕೊಂಡು ಆ ಕಡೆಗೆ ಬಗ್ಗಿದೆ. ನನ್ನ ಕೂದಲು ಜಾರಿ ದುಪಟ್ಟಾದ ಮೇಲೆ ಬಿತ್ತು.

"ಕಹಾಂ ಉತರೋಗೀ?"

ದುಪಟ್ಟಾ ಇನ್ನಷ್ಟು ಬಿಗಿಯಾಯಿತು. ಆಮೇಲೆ ಬಟ್ಟೆಯೊಳಗಿಂದ ಒಂದು ಸಣ್ಣ, ಒಣಗಿದ ದನಿ ಹಿಂದಿಯಲ್ಲಿ ಹೇಳಿತು: "ನಾನು ನಡುವೇನೇ ಇಳಿದುಬಿಡ್ತೀನಿ ಮಾಂಜೀ. ಸೀಟು ನೀವೇ ತಗೊಳ್ಳಿ."

"ಆಯ್ತಮ್ಮ" ಎಂದೆ. ಅಂದ ಮೇಲೆ ನನಗೆ ಹೊಳೆಯಿತು. ನಡುವೆ ಅಂದರೆ ಎಲ್ಲಿ? ನಡುವೆ ಇರುವುದು ಬರೀ ಮೋಡವಲ್ಲವೇ?

ಆ ಕ್ಷಣಕ್ಕೇ ವಿಮಾನ ಧಡ್ಡೆಂದು ಕುಸಿಯಿತು. ಬೆಲ್ಟಿನ ದೀಪ ಕೆಂಪಗೆ ಹತ್ತಿತು. "ಅತ್ತೆ, ಹೋಗಿ ಕೂತ್ಕೊಳ್ಳಿ!" ಎಂದಳು ಶುಭಾ, ತಲೆ ಎತ್ತದೆ. ಗಗನಸಖಿಯೊಬ್ಬಳು ನನ್ನ ತೋಳು ಹಿಡಿದು (ಎರಡೇ ಬೆರಳಲ್ಲಿ, ಬಿಸಿ ಬಾಣಲೆ ಮುಟ್ಟಿದ ಹಾಗೆ) ನನ್ನ ಜಾಗಕ್ಕೆ ತಂದು ಬಿಗಿದು ಹೋದಳು.

ನನ್ನ ಎರಡೂ ಪಕ್ಕ ಕೂತಿದ್ದವರು ಇರಲಿಲ್ಲ.

ಹತ್ತುವಾಗ ಇದ್ದರು. ಒಬ್ಬಾಕೆ ನನಗೆ ಬೆಲ್ಟು ಕೂಡ ಹಾಕಿಕೊಟ್ಟಿದ್ದಳು. ಈಗ ಎರಡು ಸೀಟೂ ಖಾಲಿ. ಇವರೂ ನಡುವೇನೇ ಇಳಿದರೇ? ಕಿಟಕಿಯಲ್ಲಿ ಮಿಂಚು. ಇಡೀ ವಿಮಾನ ಅಲುಗಾಡುತ್ತಿತ್ತು. ಅಷ್ಟರಲ್ಲಿ, ಬಾಲದಲ್ಲಿ, ಅಭಿಯ ಅಳು ನಿಂತಿತು. ಮೆಲ್ಲಗೆ ಕಡಿಮೆಯಾಗಿ ನಿಂತದ್ದಲ್ಲ. ದಾರ ಕತ್ತರಿಸಿದ ಹಾಗೆ.

ಸೆರಗು ನನ್ನ ಹತ್ತಿರ ಇದೆ. ಸೆರಗಿಲ್ಲದೆ ಆ ಮಗು ಹುಟ್ಟಿದಂದಿನಿಂದ ಸುಮ್ಮನಾದದ್ದಿಲ್ಲ. ಯಾರ ಪಕ್ಕ ಬಿಟ್ಟು ಬಂದೆ ನನ್ನ ಕೂಸನ್ನು?

ಬೆಲ್ಟಿನ ದೀಪ ಆರಿತು. ಬೆಲ್ಟು ಬಿಚ್ಚಲು ಬರಲಿಲ್ಲ. ಕೊನೆಗೆ ಹೊಟ್ಟೆ ಎಳೆದುಕೊಂಡು ಅದರೊಳಗಿಂದ ಮೇಲಕ್ಕೆ ನುಸುಳಿಕೊಂಡು, ಶಾಲು ಹಾರಾಡಿಸಿಕೊಂಡು ಓಡಿದೆ.

ಕಿಟಕಿಯ ಸೀಟು ಖಾಲಿ. ಕರೀ ದುಪಟ್ಟಾ ಮಾತ್ರ ಅಲ್ಲಿತ್ತು. ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅಭಿ ಗಾಢ ನಿದ್ದೆಯಲ್ಲಿದ್ದ. ಶುಭಾಳೂ ತೂಕಡಿಸುತ್ತಿದ್ದಳು.

"ಶುಭಾ! ಇಲ್ಲಿದ್ದವಳು ಎಲ್ಲೇ?"

ಅವಳು ಕಣ್ಣು ತೆರೆಯದೆ, "ಹೋದ್ರು" ಎಂದಳು.

ನಾನು ಕಿರುಚಿದೆ. ನನ್ನ ಬೆನ್ನ ಹಿಂದೆ, ಅಡುಗೆಮನೆಯ ಪರದೆಯ ಹತ್ತಿರ, ಇನ್ನೊಬ್ಬರು ನನಗಿಂತ ಜೋರಾಗಿ ಕಿರುಚಿದರು. ತಿರುಗಿದರೆ ಗಗನಸಖಿಯ ಹಿಂದೆ ಅಡಗಿಕೊಂಡು ಒಂದು ಹುಡುಗಿ ನನ್ನ ಕಡೆ ಬೆರಳು ತೋರಿಸುತ್ತಿದ್ದಾಳೆ. "ವೋಹೀ! ವೋಹೀ ಬುಢಿಯಾ!" ಅದೇ ಮುದುಕಿ, ಅಂದರೆ ನಾನು.

"ಯಾರೇ ನೀನು? ಇಳಿದು ಹೋದವಳು ಹೇಗೆ ವಾಪಸ್ ಬಂದೆ?" ಎಂದೆ, ಗಾಬರಿಗೆ ಕನ್ನಡದಲ್ಲೇ.

ಹುಡುಗಿಯ ಬಾಯಿ ತೆರೆದುಕೊಂಡಿತು. "ಅಯ್ಯೋ ದೇವರೇ, ಅಜ್ಜಿ! ನೀವು ಮನುಷ್ಯರೇ ಮಾರಾಯ್ರೆ?"

ಹೆಸರು ಹರಿಣಿ. ಉಡುಪಿ ಕಡೆಯವಳು, ಗೋರೆಗಾಂವಿನಲ್ಲಿ ಅಪ್ಪನ ಹೋಟೆಲು. ಅವಳಿಗೆ ನಿದ್ದೆಯ ಮಂಪರಂತೆ. ಕಣ್ಣು ಬಿಟ್ಟರೆ ನೀಲಿ ಬೆಳಕಿನಲ್ಲಿ ಬಿಳೀ ಸೀರೆ, ಬಿಚ್ಚಿದ ಬಿಳೀ ಕೂದಲು, ಆಕಾಶದ ನಡುವೆ ಎಲ್ಲಿ ಇಳೀತೀಯ ಎಂದು ಕೇಳುವ ಮುದುಕಿ. "ಬೆಂಗಳೂರು ಅಂದ್ರೆ ಅಲ್ಲಿವರೆಗೂ ಬಿಡೂದಿಲ್ಲ ಅಂತ ಹೆದರಿ ನಡುವೆ ಅಂದೆ ಅಜ್ಜಿ. ಸೀಟು ಕೇಳಿದ್ರೆ ಸೀಟು, ಜೀವ ಒಂದು ಬಿಟ್ರೆ ಸಾಕಿತ್ತು." ಎದ್ದು ಓಡೋಣವೆಂದರೆ ಮಗು ದುಪಟ್ಟಾ ಹಿಡಿದುಬಿಟ್ಟಿತ್ತು, ಅದನ್ನೂ ಬಿಟ್ಟು ಓಡಿದಳು.

ದೂರು ಕೊಟ್ಟವಳು ಅವಳೊಬ್ಬಳೇ ಅಲ್ಲವಂತೆ. ನನ್ನ ಪಕ್ಕದವರು ದೂರದಲ್ಲೆಲ್ಲೋ ಖಾಲಿ ಇದ್ದ ಸೀಟುಗಳಿಗೆ ವಲಸೆ ಹೋಗಿದ್ದರು. ಮತ್ತೆ ಆ ಕಾಲು ನೋಡಿದವರೆಲ್ಲ? ನಮಸ್ಕಾರಕ್ಕಲ್ಲ. ದೆವ್ವದ ಹಾಗೆ ನನ್ನ ಪಾದ ಹಿಂದಕ್ಕೆ ತಿರುಗಿದೆಯೋ ಎಂದು ಖಾತ್ರಿ ಮಾಡಿಕೊಳ್ಳಲು.

ಶುಭಾ ಅಷ್ಟೂ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಸೀಟಿನ ಜವಾಬ್ದಾರಿ ನಂದು ಅಂದ್ರಲ್ಲ ಅತ್ತೆ, ನಿಜಕ್ಕೂ ಖಾಲಿ ಮಾಡಿಸಿಬಿಟ್ರಿ!"

ಅಕ್ಕಪಕ್ಕದವರು ಸಂತೋಷದಿಂದಲೇ ಜಾಗ ಬಿಟ್ಟರು. ಜಯಸಿಂಹ, ಆರ್ಯ ಹಿಂದಕ್ಕೆ ಬಂದರು. ಸಂಸಾರ ಒಟ್ಟಿಗೆ ಕೂತಿತು. ನಾನು ಮಾತ್ರ ಇಲ್ಲ. ಅಭಿ ನಿದ್ದೆಯಲ್ಲೂ ಆ ದುಪಟ್ಟಾ ಬಿಡಲಿಲ್ಲ, ಹಾಗಾಗಿ ಕಿಟಕಿಯ ಸೀಟು ಹರಿಣಿಯದ್ದೇ ಆಯಿತು. ನನ್ನ ಸೆರಗಿನ ತುದಿ ತೋರಿಸಿ ನೋಡಿದೆ. ಮಗು ಆ ಕಡೆ ಹೊರಳಿಕೊಂಡಿತು. ನಾನು ಹೊಟ್ಟೆಯಲ್ಲಿದ್ದ ನನ್ನ ಸಾಲಿಗೇ ವಾಪಸ್ ಹೋದೆ.

ಜನ್ಮವಿಡೀ ನಾಲ್ಕನೆಯವಳಾಗಿ ಅರ್ಧ ಸೊಂಟ ಊರಿದವಳಿಗೆ ಮೂರು ಸೀಟು, ಒಬ್ಬಳಿಗೇ. ಮುಂದಿನ ಸಾಲಿನಲ್ಲಿ ಯಾರೂ ಇಲ್ಲ. ಹಿಂದಿನದರಲ್ಲೂ ಇಲ್ಲ. ಹೊತ್ತು ಹೋಗಲೆಂದು ಕಿಟಕಿಯ ಕಡೆ ಜರುಗಿದೆ.

ಹೊರಗೆ ಈಗ ಪೂರಾ ಕತ್ತಲೆ. ಆ ಕತ್ತಲೆಯಲ್ಲಿ, ರೆಕ್ಕೆಯ ಮೇಲೆ ಕೂತ ಹಾಗೆ, ಕೂದಲು ಬಿಚ್ಚಿಕೊಂಡ ಒಬ್ಬ ಬಿಳೀ ಮುದುಕಿ ಕಣ್ಣು ಅಲುಗಿಸದೆ ನನ್ನನ್ನೇ ನೋಡುತ್ತಿದ್ದಳು. ಗಾಜಿನಲ್ಲಿ ಕಾಣುವುದು ನಾನೇ ಎಂದು ಗೊತ್ತಿತ್ತು. ಗೊತ್ತಿದ್ದೂ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿ, ಮೆಲ್ಲಗೆ ಬಗ್ಗಿ ನನ್ನ ಕಾಲು ನೋಡಿಕೊಂಡೆ.